ಇಲ್ಲಿಯ ನೀರು

ರೂವಿಯಲ್ಲಿ ಎಲ್ಲರೂ ಬೈಯುವುದು ನೀರನ್ನೇ.
ಕಡಲಿನ ಉಪ್ಪು ಕಳೆದು ಕೊಳಾಯಿಗೆ ಬಿಟ್ಟ ನೀರು.
ಬಾಚಣಿಗೆಗೆ ಬಂದ ಕೂದಲಿಗೆಲ್ಲ ಅದೇ ಹೊಣೆ.
ಹದಿನಾಲ್ಕು ವರ್ಷ ಗಿರಾಕಿಗಳ ಕುರ್ಚಿಯ ಹಿಂದೆ ನಿಂತು
ನಾನೂ ಹೇಳಿದ್ದೇನೆ:
ಏನು ಮಾಡುವುದು, ಇಲ್ಲಿಯ ನೀರು.

ಆದ್ದರಿಂದ ಅಕ್ಕ ವಿಡಿಯೋದಲ್ಲಿ
ತಲೆಗೆ ಯಾಕೇ ಬಟ್ಟೆ ಎಂದಾಗ
ಸುಳ್ಳಿಗೆ ತಡಕಾಡಬೇಕಾಗಲಿಲ್ಲ.
ಕೊಳಾಯಿ ತಿರುಗಿಸಿದರೆ ಬಂತು.

ಅವಳು ನಂಬಿದಳು. ಹತ್ತೇ ದಿನದಲ್ಲಿ
ಭಟ್ಕಳದ ಮುಝಮ್ಮಿಲ್‌ನ ಪೆಟ್ಟಿಗೆಯೊಳಗೆ
ಮೂರು ಪ್ಲಾಸ್ಟಿಕ್ಕು, ಒಂದು ಟವೆಲು ಸುತ್ತಿಕೊಂಡು
ಎಣ್ಣೆ ಬಂತು: ಗರುಗ, ದಾಸವಾಳದ ಎಲೆ, ಮೆಂತೆ.
ಅವನ ಎರಡು ಅಂಗಿಗೂ ಅಷ್ಟಷ್ಟು ಸಿಕ್ಕಿತ್ತು.

ಹಚ್ಚಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ಮೊದಲ ಡ್ರಿಪ್ಪಾಗಿ ಹದಿನೇಳನೆಯ ದಿನ, ಶುಕ್ರವಾರ.
ಸಲೂನಿಗೆ ರಜೆ. ಗಾಜಿಗೆ ಯಾವತ್ತಿನ ಕಪ್ಪು ಹಾಳೆ,
ಬಾಗಿಲಿಗೆ 'ಗಂಡಸರಿಗೆ ಪ್ರವೇಶವಿಲ್ಲ'.
ಮಾರಿವಿಕ್ ಮಶೀನಿನ ವಯರು ಬಿಡಿಸುತ್ತ
ಯಾವ ನಂಬರು ಎಂದಳು, ಗಿರಾಕಿಯನ್ನು ಕೇಳುವ ಹಾಗೇ.
ಸೊನ್ನೆ ಎಂದೆ.
ಅವಳು ಅಳಲಿಲ್ಲ. ಕುತ್ತಿಗೆಗೆ ಪೌಡರು ಹಾಕಿದಳು.
ಪೊರಕೆ ಮಾತ್ರ ನಾನೇ ಕಸಿದುಕೊಂಡೆ.
ಗುರುವಾರದ ಮದುಮಗಳದ್ದು, ಮದರಂಗಿ ಹಚ್ಚಿದ ಮುದುಕಿಯದ್ದು,
ಎಣ್ಣೆ ಬಿಡದ ಆ ತ್ರಿಶ್ಶೂರಿನ ಟೀಚರದ್ದು,
ಮೂಲೆಯಲ್ಲಿ ಇನ್ನೂ ಇತ್ತು.
ಎರಡು ಸಲ ಎಳೆದ ಮೇಲೆ
ನನ್ನದು ಯಾವುದೆಂದು ನನಗೇ ತಿಳಿಯಲಿಲ್ಲ.

ಒಂದು ವಿಚಿತ್ರ:
ಈ ಊರಲ್ಲಿ ಮುಚ್ಚಿದ ತಲೆ ಸುದ್ದಿಯಲ್ಲ.
ಬಸ್ಸಿನಲ್ಲಿ ಒಬ್ಬ ಅಜ್ಜಿ ಸರಿದು ಜಾಗ ಕೊಟ್ಟು
ಸಲಾಂ ಅಂದಳು. ನಾನೂ ತಿರುಗಿ ಅಂದೆ.
ಸುಳ್ಳು ಹೇಳಿದೆನೋ ಇಲ್ಲವೋ
ಮುತ್ರಾ ಬರುವವರೆಗೂ ಯೋಚಿಸಿದೆ.
ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಾಗಿದ್ದರೆ
ಟಿಕೆಟು ಹರಿಯುವ ಮೊದಲೇ ನಾಲ್ಕು ಮಂದಿಗೆ
ಹೆಸರು ಸಮೇತ ರೋಗ ಒಪ್ಪಿಸಬೇಕಿತ್ತು.

ಆಮೇಲೆ ಹುಬ್ಬು ಹೋಯಿತು. ಅದನ್ನು ಯಾರೂ ಹೇಳಿರಲಿಲ್ಲ.
ಪೆನ್ಸಿಲು ಹಿಡಿದು ಕನ್ನಡಿಯ ಮುಂದೆ ಬರೆದುಕೊಳ್ಳುತ್ತೇನೆ;
ಬಲದ್ದು ಸರಿ,
ಎಡದ್ದಕ್ಕೆ ಯಾವಾಗಲೂ ಸ್ವಲ್ಪ ಆಶ್ಚರ್ಯ.

ಆಸ್ಪತ್ರೆಯಲ್ಲಿ ನನ್ನ ಹೆಸರು ಫನಮಾಲ.
ಅರಬಿಯಲ್ಲಿ 'ವ' ಕೂರುವುದಿಲ್ಲವಂತೆ.
ಪಕ್ಕದ ಕುರ್ಚಿಯಲ್ಲಿ ಉಮ್ಮ್ ಖಲ್ಫಾನ್, ನಿಜ್ವಾದವಳು,
ಕೈಯಲ್ಲಿ ಸೂಜಿ, ಮಡಿಲಲ್ಲಿ ಖರ್ಜೂರದ ಡಬ್ಬ,
ನನ್ನ ಹಣೆಯನ್ನೇ ನೋಡುತ್ತಿದ್ದವಳು
ನನಗೂ ಒಂದು ಜೊತೆ ಹಾಕು ಎಂದಳು.
ಹೇಗೆ ಬೇಕು? ಬಿಲ್ಲಿನ ಹಾಗೆ? ತೆಳ್ಳಗೆ?
ನನ್ನಮ್ಮನದು ಇಲ್ಲಿ ಕೂಡಿತ್ತು,
ಎಂದು ಮೂಗಿನ ಮೇಲೆ ಬೆರಳಿಟ್ಟಳು.

ಹದಿನಾಲ್ಕು ವರ್ಷ ಹಲ್ಲಲ್ಲಿ ದಾರ ಕಚ್ಚಿ
ನಾನು ಕಿತ್ತೆಸೆದದ್ದು ಅದನ್ನೇ,
ಎರಡು ಹುಬ್ಬಿನ ನಡುವಿನ ಆ ನಾಲ್ಕೈದು ಎಳೆ.
ಈಗ ಉಸಿರು ಹಿಡಿದು, ಒಂದೊಂದಾಗಿ,
ವಾಪಸು ನೆಟ್ಟೆ.
ಫೋನಿನಲ್ಲಿ ನೋಡಿಕೊಂಡು ಅವಳು ಏನೂ ಅನ್ನಲಿಲ್ಲ.
ಖರ್ಜೂರದ ಡಬ್ಬ ನನ್ನ ಕಡೆ ತಳ್ಳಿದಳು.
ವಾಕರಿಕೆ ಇತ್ತು; ಆದರೂ ತಿಂದೆ.

ರಾತ್ರಿ ಅಕ್ಕನ ಎಣ್ಣೆ ಬಿಸಿ ಮಾಡಿ
ಬರಿಯ ನೆತ್ತಿಗೆ ಹಚ್ಚುತ್ತೇನೆ. ದಂಡ, ಗೊತ್ತು.
ಎಡಗಿವಿಯ ಹಿಂದೆ ಬೆರಳಿಗೊಂದು ಕುಳಿ ಸಿಗುತ್ತದೆ,
ಅವಳೇ ಎಸೆದ ಕಲ್ಲಿನದು. ನನಗೆ ಆರು, ಅವಳಿಗೆ ಒಂಬತ್ತು.
ಬಿದ್ದಳು ಎಂದಿದ್ದಳು ಅಮ್ಮನಿಗೆ.
ನಾನೂ ಹೌದು, ಬಿದ್ದೆ ಎಂದಿದ್ದೆ.
ಮೂವತ್ತೈದು ವರ್ಷ ಮೇಲೆ ಕೂದಲಿತ್ತು.

ನಾಳೆ ಕೇಳುತ್ತಾಳೆ, ಎಣ್ಣೆ ಹಿಡಿಯಿತೇನೆ ಎಂದು.
ಉಳಿದ ಕಡೆಯೆಲ್ಲ ಜಾರಿ ಕುತ್ತಿಗೆಗಿಳಿಯುತ್ತದೆ.
ಆ ಕುಳಿಯಲ್ಲಿ ಮಾತ್ರ
ಸ್ವಲ್ಪ ಹೊತ್ತು ನಿಲ್ಲುತ್ತದೆ.